ಅಗೆದ ರಸ್ತೆಗೆ ದಿನಬಾಡಿಗೆ

ಹೊಸದಾಗಿ ಡಾಂಬರು ಹಾಕಿದ ರಸ್ತೆಯನ್ನು ತಿಂಗಳು ತುಂಬುವ ಮೊದಲೇ ಅಗೆಯುವುದು ನಮಗೆಲ್ಲ ಪರಿಚಿತ ದೃಶ್ಯ. ಮೊದಲು ನೀರಿನ ಪೈಪಿನವರು ಬರುತ್ತಾರೆ. ಅವರು ಮಣ್ಣು ಮುಚ್ಚಿ ಹೋದ ಮೇಲೆ ವಿದ್ಯುತ್ ಕೇಬಲಿನವರು. ಅವರ ಹಿಂದೆಯೇ ಒಳಚರಂಡಿಯವರು, ಇಂಟರ್‌ನೆಟ್ ಕಂಪನಿಯವರು. ಒಬ್ಬರು ಮುಚ್ಚಿದ ಹೊಂಡವನ್ನು ಇನ್ನೊಬ್ಬರು ತೆರೆಯುತ್ತಾರೆ. ರಸ್ತೆಯ ಅರ್ಧ ಭಾಗಕ್ಕೆ ಹಗ್ಗ ಕಟ್ಟಿರುತ್ತದೆ. ಉಳಿದರ್ಧದಲ್ಲಿ ಶಾಲೆಯ ಮಕ್ಕಳು, ತರಕಾರಿ ಗಾಡಿಗಳು, ಬಸ್ಸುಗಳು, ಆ್ಯಂಬುಲೆನ್ಸ್‌ಗಳು ಒಂದನ್ನೊಂದು ತಳ್ಳಿಕೊಂಡು ಸಾಗಬೇಕು. ಹಗ್ಗದ ಒಳಗೆ ಇಣುಕಿದರೆ ಹಲವು ಸಲ ಅಲ್ಲಿ ಕೆಲಸ ಮಾಡುವವರು ಯಾರೂ ಇರುವುದಿಲ್ಲ.

ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ ರೋಗ ಎಂದು ನಾವು ತಿಳಿದಿದ್ದೇವೆ. ವಿದೇಶಕ್ಕೆ ಹೋಗಿ ಬಂದವರು ಅಲ್ಲಿನ ನುಣುಪಾದ ರಸ್ತೆಗಳನ್ನು ವರ್ಣಿಸುವುದನ್ನು ಕೇಳಿ ನಿಟ್ಟುಸಿರು ಬಿಡುತ್ತೇವೆ. ಆದರೆ ಇಂಗ್ಲೆಂಡಿನ ಇತಿಹಾಸವನ್ನು ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ. ಲಂಡನ್ನಿನ ಜನರು ಇದೇ ಗೋಳನ್ನು 200 ವರ್ಷಗಳಿಂದ ಹೇಳಿಕೊಳ್ಳುತ್ತಾ ಬಂದಿದ್ದಾರೆ. ಇಂದಿಗೂ ಇಂಗ್ಲೆಂಡಿನಲ್ಲಿ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಕಡೆ ರಸ್ತೆ ಕಾಮಗಾರಿಗಳು ನಡೆಯುತ್ತವೆ. ಇದರಿಂದ ದೇಶಕ್ಕಾಗುವ ನಷ್ಟ ವರ್ಷಕ್ಕೆ ಸುಮಾರು 400 ಕೋಟಿ ಪೌಂಡ್ ಎಂಬುದು ಅಲ್ಲಿನ ಸರ್ಕಾರವೇ ಹೇಳುವ ಅಂದಾಜು.

ಹೊಂಡಗಳಿಲ್ಲದಿರುವುದು ಅವರ ಹೆಚ್ಚುಗಾರಿಕೆಯಲ್ಲ. ಆ ಹೊಂಡದ ಬೆಲೆಯನ್ನು ಯಾರು ತೆರಬೇಕು ಎಂಬ ಪ್ರಶ್ನೆಯನ್ನು ಅವರು ಬಿಡದೆ ಕೇಳುತ್ತಾ ಬಂದರು ಎಂಬುದೇ ಹೆಚ್ಚುಗಾರಿಕೆ. ರಸ್ತೆಯನ್ನು ಅಗೆದವನು ಅದನ್ನು ಮೊದಲಿನಂತೆ ಮುಚ್ಚಿಕೊಡಬೇಕು ಎಂಬುದು ಆ ಪ್ರಶ್ನೆಗೆ ಸಿಕ್ಕಿದ ಮೊದಲ ಉತ್ತರ. ರಸ್ತೆಯನ್ನು ಆಕ್ರಮಿಸಿಕೊಂಡ ಪ್ರತಿ ದಿನಕ್ಕೂ ಅವನು ಸ್ಥಳೀಯಾಡಳಿತಕ್ಕೆ ಬಾಡಿಗೆ ಕೊಡಬೇಕು ಎಂಬುದು ಕೊನೆಗೆ ಸಿಕ್ಕಿದ ಉತ್ತರ. ಮೊದಲನೆಯದರಿಂದ ಎರಡನೆಯದಕ್ಕೆ ತಲುಪಲು ಒಂದೂವರೆ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಆ ದಾರಿಯ ಕಥೆ ನಮಗೂ ಪ್ರಯೋಜನಕಾರಿ.

ನೆಲದಡಿಯ ಪೈಪೋಟಿ

ಲಂಡನ್ನಿನ ನೆಲದಡಿಯಲ್ಲಿ ಮೊದಲು ಹರಡಿದ್ದು ನೀರಿನ ಕೊಳವೆಗಳು. ಮರದ ದಿಮ್ಮಿಗಳನ್ನು ಕೊರೆದು ಮಾಡಿದ ಆ ಕೊಳವೆಗಳು ಸೋರುತ್ತಿದ್ದವು, ಕೊಳೆಯುತ್ತಿದ್ದವು. ಹಾಗಾಗಿ ಬೀದಿಗಳನ್ನು ಪದೇ ಪದೇ ಅಗೆಯಬೇಕಾಗುತ್ತಿತ್ತು. 19ನೇ ಶತಮಾನದ ಆರಂಭದಲ್ಲಿ ಎರಕದ ಕಬ್ಬಿಣದ ಕೊಳವೆಗಳು ಬಂದವು. ಅದೇ ಕಾಲಕ್ಕೆ ಹೊಸ ನೀರಿನ ಕಂಪನಿಗಳೂ ಹುಟ್ಟಿಕೊಂಡವು. ಗಿರಾಕಿಗಳಿಗಾಗಿ ಅವು ಹಳೆಯ ಕಂಪನಿಗಳೊಂದಿಗೆ ಪೈಪೋಟಿಗಿಳಿದವು. ಒಂದೇ ಬೀದಿಯಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳು ತಮ್ಮ ತಮ್ಮ ಕೊಳವೆ ಹೂಳಿದವು. ಈ ಪೈಪೋಟಿ ಕಂಪನಿಗಳನ್ನೇ ದಿವಾಳಿಯ ಅಂಚಿಗೆ ತಂದಿತು. ಕೊನೆಗೆ 1817ರ ವೇಳೆಗೆ ಅವು ಒಪ್ಪಂದ ಮಾಡಿಕೊಂಡು ನಗರವನ್ನು ತಮ್ಮೊಳಗೆ ಹಂಚಿಕೊಂಡವು. ಪೈಪೋಟಿ ನಿಂತಿತು, ಆದರೆ ಜನರು ಒಂದೊಂದು ಕಂಪನಿಯ ಏಕಸ್ವಾಮ್ಯಕ್ಕೆ ಸಿಲುಕಿದರು.

ನೀರಿನ ನಂತರ ಬಂದದ್ದು ಅನಿಲ. 1807ರಲ್ಲಿ ಫ್ರೆಡರಿಕ್ ವಿನ್ಸರ್ ಎಂಬಾತ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಅನಿಲ ದೀಪಗಳನ್ನು ಉರಿಸಿ ತೋರಿಸಿದ. 1812ರಲ್ಲಿ ಗ್ಯಾಸ್ ಲೈಟ್ ಆ್ಯಂಡ್ ಕೋಕ್ ಕಂಪನಿಗೆ ರಾಜ ಸನದು ಸಿಕ್ಕಿತು. ಕೆಲವೇ ದಶಕಗಳಲ್ಲಿ ಹಲವು ಅನಿಲ ಕಂಪನಿಗಳು ಹುಟ್ಟಿಕೊಂಡು, ನೀರಿನ ಕಂಪನಿಗಳು ಮಾಡಿದ ತಪ್ಪನ್ನೇ ಮಾಡಿದವು. ಒಬ್ಬರ ಕೊಳವೆಯ ಪಕ್ಕ ಇನ್ನೊಬ್ಬರ ಕೊಳವೆ. ಒಬ್ಬರ ಸೋರಿಕೆ ಹುಡುಕಲು ಇನ್ನೊಬ್ಬರ ಕೊಳವೆಗೆ ಗುದ್ದಲಿ ಪೆಟ್ಟು. 1860ರಲ್ಲಿ ಪಾರ್ಲಿಮೆಂಟ್ ಕಾಯ್ದೆ ಮಾಡಿ ಒಂದು ಪ್ರದೇಶಕ್ಕೆ ಒಂದೇ ಅನಿಲ ಕಂಪನಿ ಎಂಬ ಏರ್ಪಾಡನ್ನು ಸ್ಥಿರಪಡಿಸಿತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ನೀರು, ಬೆಳಕು ಜನರಿಗೆ ಬೇಕೇ ಬೇಕಿತ್ತು. ಕಾಲರಾದಿಂದ ನಲುಗಿದ ನಗರಕ್ಕೆ ಒಳಚರಂಡಿಯೂ ಬೇಕಿತ್ತು. ಅಗೆಯುವುದೇ ಬೇಡ ಎಂದು ಯಾರೂ ಹೇಳುವಂತಿರಲಿಲ್ಲ. ಕಂಪನಿಗಳೂ ಇದನ್ನೇ ಹೇಳುತ್ತಿದ್ದವು: ನಾವು ಅಗೆಯುವುದು ನಿಮಗಾಗಿಯೇ. ಈ ಮಾತು ಸುಳ್ಳಲ್ಲ. ಆದರೆ ಲಾಭ ಕಂಪನಿಯ ಪೆಟ್ಟಿಗೆಗೆ, ತೊಂದರೆ ಬೀದಿಯ ಪಾಲಿಗೆ ಎಂಬುದೂ ಸುಳ್ಳಲ್ಲ.

1847ರ ಐದು ಪೌಂಡ್

1847ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ನೀರು ಮತ್ತು ಅನಿಲ ಕಂಪನಿಗಳಿಗೆ ಅನ್ವಯಿಸುವ ಎರಡು ಮಾದರಿ ಕಾಯ್ದೆಗಳನ್ನು ಮಾಡಿತು. ಅದುವರೆಗೆ ಪ್ರತಿಯೊಂದು ಕಂಪನಿಯ ಸ್ಥಾಪನೆಗೂ ಪ್ರತ್ಯೇಕ ಕಾಯ್ದೆ ಬೇಕಿತ್ತು. ಪ್ರತಿಯೊಂದರಲ್ಲೂ ಬೇರೆ ಬೇರೆ ಷರತ್ತುಗಳಿದ್ದವು. ಇನ್ನು ಮುಂದೆ ಎಲ್ಲರಿಗೂ ಒಂದೇ ನಿಯಮ ಎಂದಾಯಿತು. ಬೀದಿ ಅಗೆಯುವ ಮುನ್ನ ರಸ್ತೆಯ ಉಸ್ತುವಾರಿ ಹೊತ್ತವರಿಗೆ ಮೂರು ದಿನಗಳ ಮುಂಚಿತ ನೋಟೀಸು ಕೊಡಬೇಕು. ಅವರ ಮೇಲ್ವಿಚಾರಣೆಯಲ್ಲೇ ಅಗೆಯಬೇಕು. ಹೊಂಡಕ್ಕೆ ಬೇಲಿ ಕಟ್ಟಬೇಕು, ರಾತ್ರಿ ದೀಪ ಇಡಬೇಕು. ಕೆಲಸ ಮುಗಿದೊಡನೆ ರಸ್ತೆಯನ್ನು ಮೊದಲಿನಂತೆ ಮಾಡಿಕೊಡಬೇಕು. ಮುಚ್ಚಿದ ಮೇಲೆಯೂ ಮೂರು ತಿಂಗಳು ಅದನ್ನು ಸುಸ್ಥಿತಿಯಲ್ಲಿಡುವ ಹೊಣೆ ಕಂಪನಿಯದ್ದೇ.

ಈ ಯಾವುದನ್ನು ತಪ್ಪಿದರೂ 5 ಪೌಂಡ್‌ಗಳ ವರೆಗೆ ದಂಡ. ಕೆಲಸ ವಿಳಂಬವಾದರೆ, ನೋಟೀಸು ತಲುಪಿದ ಮೇಲೆ ಪ್ರತಿ ದಿನಕ್ಕೆ ಇನ್ನೂ 5 ಪೌಂಡ್. ಆ ಕಾಲದ ಒಬ್ಬ ಕೂಲಿಕಾರನಿಗೆ 5 ಪೌಂಡ್ ಎಂದರೆ ಹಲವು ವಾರಗಳ ದುಡಿಮೆ.

ಈ ಪುಟ್ಟ ನಿಯಮದಲ್ಲಿ ದೊಡ್ಡದೊಂದು ವಿಚಾರ ಅಡಗಿತ್ತು. ಹೊಂಡದ ಹಾನಿಯನ್ನು ಅದರ ಉದ್ದ ಅಗಲಗಳಿಂದ ಮಾತ್ರವಲ್ಲ, ದಿನಗಳಿಂದಲೂ ಅಳೆಯಬೇಕು ಎಂಬುದೇ ಆ ವಿಚಾರ. ಆದರೆ ಅದು ಪೂರ್ಣವಾಗಿ ಬೆಳೆಯಲಿಲ್ಲ. ದಂಡ ಬೀಳುತ್ತಿದ್ದುದು ತಪ್ಪು ಮಾಡಿದವನಿಗೆ ಮಾತ್ರ. ನಿಯಮದಂತೆ ನೋಟೀಸು ಕೊಟ್ಟು, ಬೇಲಿ ಕಟ್ಟಿ, ದೀಪವಿಟ್ಟು, ಬೀದಿಯನ್ನು ಆರು ವಾರ ಮುಚ್ಚಿದವನು ಒಂದು ಪೆನ್ನಿಯನ್ನೂ ಕೊಡಬೇಕಾಗಿರಲಿಲ್ಲ. ಆ ಆರು ವಾರಗಳಲ್ಲಿ ವ್ಯಾಪಾರ ಕಳೆದುಕೊಂಡ ಅಂಗಡಿಯವನಿಗೆ, ಸುತ್ತು ಬಳಸಿ ನಡೆದ ಕೂಲಿಯವಳಿಗೆ ಯಾವ ಲೆಕ್ಕವೂ ಇರಲಿಲ್ಲ.

1870ರ ಟ್ರಾಮ್ ಕಾಯ್ದೆಯಲ್ಲಿ ಇದೇ ವಿಚಾರ ಇನ್ನೊಂದು ರೂಪದಲ್ಲಿ ಕಾಣಿಸಿಕೊಂಡಿತು. ಹಳಿಗಳ ನಡುವಿನ ರಸ್ತೆಯನ್ನೂ ಹಳಿಗಳ ಆಚೀಚೆ 18 ಅಂಗುಲ ರಸ್ತೆಯನ್ನೂ ಟ್ರಾಮ್ ಕಂಪನಿಯೇ ದುರಸ್ತಿಯಲ್ಲಿಡಬೇಕು ಎಂದು ಆ ಕಾಯ್ದೆ ವಿಧಿಸಿತು. ಸಾರ್ವಜನಿಕ ರಸ್ತೆಯನ್ನು ಖಾಸಗಿ ಲಾಭಕ್ಕಾಗಿ ಬಳಸುವವನು ಸಾರ್ವಜನಿಕರಿಗೆ ಏನನ್ನಾದರೂ ಹಿಂದಿರುಗಿಸಬೇಕು ಎಂಬ ತತ್ವ ಅದರಲ್ಲಿತ್ತು.

ಅಗೆಯದೆ ಮಾಡುವ ದಾರಿ

ಅಗೆದವನಿಗೆ ದಂಡ ಹಾಕುವ ಬದಲು ಅಗೆಯುವ ಅಗತ್ಯವೇ ಬಾರದಂತೆ ಮಾಡಬಾರದೇ? ವಿಕ್ಟೋರಿಯಾ ಕಾಲದ ಎಂಜಿನಿಯರುಗಳು ಈ ಪ್ರಶ್ನೆಯನ್ನೂ ಕೇಳಿದರು. 1861ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ಬಳಿ ಗ್ಯಾರಿಕ್ ಬೀದಿಯನ್ನು ಹೊಸದಾಗಿ ನಿರ್ಮಿಸುವಾಗ, ಅದರ ಅಡಿಯಲ್ಲಿ ಮನುಷ್ಯ ನಡೆದಾಡಬಹುದಾದ ಸುರಂಗವನ್ನು ಕಟ್ಟಲಾಯಿತು. ಕೊಳವೆಗಳನ್ನೆಲ್ಲ ಆ ಸುರಂಗದಲ್ಲಿ ಹಾಯಿಸಿದರೆ ದುರಸ್ತಿಗೆ ಬೀದಿ ಅಗೆಯಬೇಕಿಲ್ಲ. 1869ರಲ್ಲಿ ವಿಕ್ಟೋರಿಯಾ ರಾಣಿ ಉದ್ಘಾಟಿಸಿದ ಹೋಬರ್ನ್ ಮೇಲ್ಸೇತುವೆಯಲ್ಲೂ, ಜೋಸೆಫ್ ಬ್ಯಾಜಲ್ಜೆಟ್ ಥೇಮ್ಸ್ ನದಿಯ ದಂಡೆಗೆ ಕಟ್ಟಿ 1870ರಲ್ಲಿ ತೆರೆದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್‌ನಲ್ಲೂ ಇಂತಹ ಸುರಂಗಗಳಿವೆ.

ಇಷ್ಟು ಒಳ್ಳೆಯ ಉಪಾಯ ನಗರವಿಡೀ ಏಕೆ ಹರಡಲಿಲ್ಲ? ಹೊಸ ಬೀದಿ ನಿರ್ಮಿಸುವಾಗ ಸುರಂಗ ಸುಲಭ. ಇರುವ ಬೀದಿಯ ಅಡಿಯಲ್ಲಿ ಅದನ್ನು ಕಟ್ಟುವುದು ವಿಪರೀತ ದುಬಾರಿ. ಮುಚ್ಚಿದ ಸುರಂಗದಲ್ಲಿ ಅನಿಲ ಸೋರಿದರೆ ಸ್ಫೋಟವಾಗಬಹುದೆಂದು ಅನಿಲ ಕಂಪನಿಗಳು ಹಿಂಜರಿದವು. ಇವೆರಡಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವನ್ನೂ ಸೇರಿಸಬೇಕು. ಬೀದಿ ಅಗೆಯುವುದು ಕಂಪನಿಗೆ ಅಗ್ಗವಾಗಿತ್ತು. ಗುದ್ದಲಿ, ಆಳು, ಮೇಲೆ ಹಾಸುವ ಕಲ್ಲು, ಇಷ್ಟೇ ಅದರ ಖರ್ಚು. ಜನರು ಪಡುವ ಪಾಡು ಅದರ ಲೆಕ್ಕಪುಸ್ತಕದಲ್ಲಿ ಇರಲಿಲ್ಲ. ಖರ್ಚು ತನ್ನದಲ್ಲದಿದ್ದಾಗ ಅದನ್ನು ಉಳಿಸಲು ಯಾರು ತಾನೇ ಶ್ರಮಿಸುತ್ತಾರೆ?

ಮುಚ್ಚುವ ಹೊಣೆ ಯಾರದ್ದು?

20ನೇ ಶತಮಾನದಲ್ಲಿ ನೆಲದಡಿಗೆ ವಿದ್ಯುತ್ ಮತ್ತು ದೂರವಾಣಿ ತಂತಿಗಳು ಸೇರಿದವು. ನೆಲದ ಮೇಲೆ ಮೋಟಾರು ವಾಹನಗಳು ತುಂಬಿದವು. 1950ರಲ್ಲಿ ಬ್ರಿಟನ್ ಹೊಸ ಕಾಯ್ದೆ ಮಾಡಿ ಎಲ್ಲ ಸೇವಾ ಸಂಸ್ಥೆಗಳನ್ನೂ ಒಂದು ಸಂಹಿತೆಯ ಅಡಿಗೆ ತಂದಿತು. ಆಗಷ್ಟೇ ವಿದ್ಯುತ್ ಮತ್ತು ಅನಿಲ ಉದ್ಯಮಗಳ ರಾಷ್ಟ್ರೀಕರಣವಾಗಿತ್ತು. ಅಗೆಯುವವರೂ ರಸ್ತೆಯವರೂ ಸರ್ಕಾರದ ಕಡೆಯವರೇ ಆದ್ದರಿಂದ ಮಾತುಕತೆಯಲ್ಲೇ ಎಲ್ಲ ಬಗೆಹರಿಯಬಹುದೆಂಬ ನಂಬಿಕೆ ಇತ್ತು.

ಆದರೆ ವ್ಯವಹಾರದಲ್ಲಿ ಹಾಗಾಗಲಿಲ್ಲ. ಹೆಚ್ಚಿನ ಕಡೆ ಸೇವಾ ಸಂಸ್ಥೆ ಹೊಂಡವನ್ನು ತಾತ್ಕಾಲಿಕವಾಗಿ ಮುಚ್ಚಿ ಹೋಗುತ್ತಿತ್ತು. ಶಾಶ್ವತವಾಗಿ ಮುಚ್ಚುವ ಕೆಲಸ ಸ್ಥಳೀಯಾಡಳಿತದ ಪಾಲಿಗೆ. ಅದರ ಖರ್ಚನ್ನು ಸಂಸ್ಥೆ ನಂತರ ಭರಿಸಬೇಕು. ಒಂದೇ ಹೊಂಡಕ್ಕೆ ಇಬ್ಬರು ಯಜಮಾನರು. ರಸ್ತೆ ಕುಸಿದರೆ ಇವರು ಅವರತ್ತ, ಅವರು ಇವರತ್ತ ಬೆರಳು ತೋರಿಸುತ್ತಿದ್ದರು.

ಪ್ರೊಫೆಸರ್ ಮೈಕೆಲ್ ಹಾರ್ನ್ ಅಧ್ಯಕ್ಷತೆಯ ಸಮಿತಿಯೊಂದು ಇದನ್ನೆಲ್ಲ ಪರಿಶೀಲಿಸಿ 1985ರಲ್ಲಿ ವರದಿ ಕೊಟ್ಟಿತು. ಅಗೆದವನೇ ಶಾಶ್ವತವಾಗಿಯೂ ಮುಚ್ಚಬೇಕು, ಅದರ ಗುಣಮಟ್ಟಕ್ಕೆ ಅವನೇ ಜವಾಬ್ದಾರ ಎಂಬುದು ಅದರ ಮುಖ್ಯ ಶಿಫಾರಸು. ಈ ವರದಿಯ ಆಧಾರದ ಮೇಲೆ 1991ರ ಹೊಸ ರಸ್ತೆಗಳು ಮತ್ತು ಬೀದಿ ಕಾಮಗಾರಿಗಳ ಕಾಯ್ದೆ ಬಂತು. ಮುಚ್ಚಿದ ಹೊಂಡಕ್ಕೆ ಎರಡು ವರ್ಷ, ಆಳದ ಹೊಂಡಕ್ಕೆ ಮೂರು ವರ್ಷ ಅಗೆದವನ ಖಾತರಿ ಎಂದಾಯಿತು. 1847ರ ಮೂರು ತಿಂಗಳು ಈಗ ಎರಡು, ಮೂರು ವರ್ಷಗಳಾಗಿ ಬೆಳೆದಿತ್ತು.

ಅಷ್ಟರಲ್ಲಿ ಪರಿಸ್ಥಿತಿಯೇ ಬದಲಾಗಿತ್ತು. 1984ರಿಂದ 1990ರ ನಡುವೆ ಬ್ರಿಟನ್‌ನ ದೂರವಾಣಿ, ಅನಿಲ, ನೀರು, ವಿದ್ಯುತ್ ಎಲ್ಲವೂ ಒಂದೊಂದಾಗಿ ಖಾಸಗಿಯವರ ಕೈಸೇರಿದವು. 1990ರ ದಶಕದಲ್ಲಿ ಕೇಬಲ್ ಟಿ.ವಿ. ಕಂಪನಿಗಳು ಊರೂರಿನ ಕಾಲುದಾರಿಗಳನ್ನು ಅಗೆದವು. ಅಗೆಯುವ ಹಕ್ಕು ಪಡೆದ ಕಂಪನಿಗಳ ಸಂಖ್ಯೆ ಏರುತ್ತಾ ಹೋಯಿತು. ವಿಕ್ಟೋರಿಯಾ ಕಾಲದ ಪೈಪೋಟಿ ಹೊಸ ವೇಷದಲ್ಲಿ ಹಿಂದಿರುಗಿತು.

ಕಾಯುವವನ ಸಮಯಕ್ಕೆ ಬೆಲೆ

1920ರಲ್ಲೇ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಎ. ಸಿ. ಪಿಗೂ ಒಂದು ಸರಳ ಸತ್ಯವನ್ನು ಎತ್ತಿ ತೋರಿಸಿದ್ದರು. ಒಬ್ಬನು ತನ್ನ ಕೆಲಸದಿಂದ ಇತರರಿಗೆ ನಷ್ಟವುಂಟುಮಾಡಿ ಅದಕ್ಕೆ ಏನನ್ನೂ ತೆರದಿದ್ದರೆ ಅಂತಹ ಕೆಲಸ ಅಗತ್ಯಕ್ಕಿಂತ ಹೆಚ್ಚು ನಡೆಯುತ್ತದೆ. ಆ ನಷ್ಟವನ್ನು ತೆರಿಗೆಯಾಗಿ ಅವನ ಮೇಲೆ ಹಾಕಿದರೆ ಅವನೇ ಎಚ್ಚರ ವಹಿಸುತ್ತಾನೆ. ಹೊಗೆಯುಗುಳುವ ಕಾರ್ಖಾನೆಗೆ ಹೇಗೋ, ರಸ್ತೆಯ ಹೊಂಡಕ್ಕೂ ಈ ಮಾತು ಹಾಗೆಯೇ ಅನ್ವಯಿಸುತ್ತದೆ.

ಈ ವಿಚಾರವನ್ನು ರಸ್ತೆಗೆ ತಂದದ್ದು ಮೊದಲು ಸರ್ಕಾರದ ಸ್ವಂತ ಕಾಮಗಾರಿಯಲ್ಲೇ. 1984ರಲ್ಲಿ ಬ್ರಿಟನ್‌ನ ಸಾರಿಗೆ ಇಲಾಖೆ ಹೆದ್ದಾರಿ ದುರಸ್ತಿಯ ಗುತ್ತಿಗೆಗಳಲ್ಲಿ ಒಂದು ಹೊಸ ಷರತ್ತು ಹಾಕಿತು. ಗುತ್ತಿಗೆದಾರ ಹೆದ್ದಾರಿಯ ಪಥವೊಂದನ್ನು ಮುಚ್ಚಿದ ಪ್ರತಿ ದಿನಕ್ಕೆ ಬಾಡಿಗೆ ಕೊಡಬೇಕು. ಬೇಗ ಮುಗಿಸಿದರೆ ಅವನಿಗೆ ಲಾಭ, ತಡವಾದರೆ ನಷ್ಟ. ‘ಲೇನ್ ರೆಂಟಲ್’, ಅಂದರೆ ಪಥದ ಬಾಡಿಗೆ, ಎಂಬ ಹೆಸರು ಹುಟ್ಟಿದ್ದು ಹೀಗೆ.

ಇದನ್ನು ನಗರದ ಬೀದಿಗಳಿಗೆ, ಖಾಸಗಿ ಸೇವಾ ಕಂಪನಿಗಳಿಗೆ ಅನ್ವಯಿಸುವುದು ಅಷ್ಟು ಸುಲಭವಾಗಿರಲಿಲ್ಲ. 1991ರ ಕಾಯ್ದೆಯಲ್ಲಿ, ಗೊತ್ತುಪಡಿಸಿದ ಅವಧಿ ಮೀರಿ ರಸ್ತೆ ಹಿಡಿದುಕೊಂಡವರಿಂದ ದಿನವಹಿ ಶುಲ್ಕ ವಸೂಲು ಮಾಡಲು ಅವಕಾಶವಿತ್ತು. ಆದರೆ ಇಂಗ್ಲೆಂಡಿನಲ್ಲಿ ಅದು ಜಾರಿಗೆ ಬಂದದ್ದು ಹತ್ತು ವರ್ಷಗಳ ನಂತರ, 2001ರಲ್ಲಿ. ಅದೂ 1847ರ ದಂಡದ ಹಾಗೆ ತಡ ಮಾಡಿದವನಿಗೆ ಮಾತ್ರ. ತಡವಾಗಲಿ ಬಿಡಲಿ, ಮೊದಲ ದಿನದಿಂದಲೇ ಬಾಡಿಗೆ ಎಂಬ ಅಧಿಕಾರವನ್ನು 2000ದ ಸಾರಿಗೆ ಕಾಯ್ದೆ ಸೇರಿಸಿತು. ಲಂಡನ್ನಿನ ಕ್ಯಾಮ್ಡೆನ್ ಮತ್ತು ಉತ್ತರದ ಮಿಡಲ್ಸ್‌ಬರೊ ಸ್ಥಳೀಯಾಡಳಿತಗಳು 2002ರಿಂದ ಎರಡು ವರ್ಷ ಇದನ್ನು ಪ್ರಯೋಗಿಸಿ ನೋಡಿದವು. ಫಲಿತಾಂಶ ಸರ್ಕಾರಕ್ಕೆ ತೃಪ್ತಿ ತರಲಿಲ್ಲ.

ಬಾಡಿಗೆಯ ಬದಲು ಸರ್ಕಾರ ಪರವಾನಗಿಯ ದಾರಿ ಹಿಡಿಯಿತು. 2004ರ ಸಂಚಾರ ನಿರ್ವಹಣಾ ಕಾಯ್ದೆ ಸಂಚಾರವನ್ನು ಸುಗಮವಾಗಿಡುವುದು ಸ್ಥಳೀಯಾಡಳಿತದ ಕಾನೂನುಬದ್ಧ ಕರ್ತವ್ಯ ಎಂದು ಸಾರಿತು. ಅದುವರೆಗೆ ಕಂಪನಿ ನೋಟೀಸು ಕೊಟ್ಟು ಅಗೆಯುತ್ತಿತ್ತು. ಇನ್ನು ಶುಲ್ಕ ಕಟ್ಟಿ ಪರವಾನಗಿ ಪಡೆದೇ ಅಗೆಯಬೇಕು. ಎಂದು, ಎಷ್ಟು ಹೊತ್ತು, ಎಷ್ಟು ಅಗಲ ಎಂಬ ಷರತ್ತುಗಳನ್ನು ಸ್ಥಳೀಯಾಡಳಿತ ಹಾಕಬಹುದು. 2010ರಲ್ಲಿ ಲಂಡನ್ ಮತ್ತು ಕೆಂಟ್ ಕೌಂಟಿಯಲ್ಲಿ ಈ ವ್ಯವಸ್ಥೆ ಆರಂಭವಾಯಿತು. ನೋಟೀಸು ಮತ್ತು ಪರವಾನಗಿಯ ನಡುವಿನ ವ್ಯತ್ಯಾಸ ಸಣ್ಣದಲ್ಲ. ಮೊದಲನೆಯದರಲ್ಲಿ ಕಂಪನಿ ತಿಳಿಸುತ್ತದೆ, ಎರಡನೆಯದರಲ್ಲಿ ಕೇಳುತ್ತದೆ.

ಲಂಡನ್ನಿನ ಬಾಡಿಗೆ

ಬಾಡಿಗೆಯ ವಿಚಾರ 2012ರಲ್ಲಿ ಮತ್ತೆ ತಲೆಯೆತ್ತಿತು. ಆ ವರ್ಷದ ಜೂನ್‌ನಲ್ಲಿ, ಒಲಿಂಪಿಕ್ಸ್ ಕೂಟಕ್ಕೆ ಕೆಲವೇ ವಾರಗಳಿರುವಾಗ, ಲಂಡನ್ ಸಾರಿಗೆ ಸಂಸ್ಥೆ ತನ್ನ ಮುಖ್ಯ ರಸ್ತೆಗಳಲ್ಲಿ ಪಥದ ಬಾಡಿಗೆ ಜಾರಿಗೊಳಿಸಿತು. ಮರುವರ್ಷ ಕೆಂಟ್ ಕೌಂಟಿ ಅದನ್ನು ಹಿಂಬಾಲಿಸಿತು. ಇಂಗ್ಲಿಷ್ ಕಡಲ್ಗಾಲುವೆಯ ಬಂದರುಗಳಿಗೆ ಹೋಗುವ ಲಾರಿಗಳೆಲ್ಲ ಹಾಯುವುದು ಈ ಕೌಂಟಿಯ ಮೂಲಕ.

ಈ ಸಲ ನಿಯಮಗಳನ್ನು ಹೆಣೆದ ರೀತಿಯೇ ಬೇರೆ. ಎಲ್ಲ ರಸ್ತೆಗೂ ಬಾಡಿಗೆ ಇಲ್ಲ. ಸಂಚಾರ ಕಟ್ಟಿಕೊಳ್ಳುವ ಮುಖ್ಯ ಸ್ಥಳಗಳಿಗೆ ಮಾತ್ರ. ಎಲ್ಲ ಹೊತ್ತಿಗೂ ಇಲ್ಲ; ದಟ್ಟಣೆಯ ಹೊತ್ತಿಗೆ ಮಾತ್ರ. ಕಾನೂನು ಗರಿಷ್ಠ ಮೊತ್ತವನ್ನು ದಿನಕ್ಕೆ 2,500 ಪೌಂಡ್ ಎಂದು ನಿಗದಿ ಮಾಡಿತು. ಲಂಡನ್ನಿನಲ್ಲಿ ಆರಂಭದ ದರಗಳು ಸ್ಥಳಕ್ಕೆ ತಕ್ಕಂತೆ 800 ಮತ್ತು 2,500 ಪೌಂಡ್. ರಾತ್ರಿ ಅಥವಾ ದಟ್ಟಣೆಯಿಲ್ಲದ ಹೊತ್ತಿನಲ್ಲಿ ಕೆಲಸ ಮಾಡಿದರೆ ಬಾಡಿಗೆ ಇಲ್ಲ. ಬೆಳಗಾಗುವಾಗ ಹೊಂಡದ ಮೇಲೆ ದಪ್ಪ ಉಕ್ಕಿನ ಹಲಗೆ ಹಾಸಿ ರಸ್ತೆಯನ್ನು ಸಂಚಾರಕ್ಕೆ ಬಿಟ್ಟುಕೊಟ್ಟರೂ ಇಲ್ಲ. ಸ್ಥಳೀಯಾಡಳಿತದ ಸ್ವಂತ ಕಾಮಗಾರಿಗೂ ಇದೇ ನಿಯಮ. ಬಂದ ಹಣದಲ್ಲಿ ಖರ್ಚು ಕಳೆದು ಉಳಿದುದನ್ನು ರಸ್ತೆ ಕಾಮಗಾರಿಗಳ ತೊಂದರೆ ತಗ್ಗಿಸುವ ಉದ್ದೇಶಕ್ಕೇ ಬಳಸಬೇಕೆಂದು 2012ರ ನಿಯಮ ಕಟ್ಟಿಹಾಕಿತು.

ಬೊಕ್ಕಸ ತುಂಬಿಸುವುದು ಈ ಬಾಡಿಗೆಯ ಗುರಿಯಲ್ಲ. ಯಾರೂ ಬಾಡಿಗೆಯನ್ನೇ ಕಟ್ಟದ ದಿನ ಅದು ಸಂಪೂರ್ಣ ಯಶಸ್ವಿಯಾಯಿತೆಂದು ಅರ್ಥ. ಕಂಪನಿಯ ಮ್ಯಾನೇಜರು ಲೆಕ್ಕ ಹಾಕುತ್ತಾನೆ: ಐದು ದಿನ ಹಗಲು ಕೆಲಸ ಮಾಡಿದರೆ ಇಷ್ಟು ಬಾಡಿಗೆ, ಅದೇ ಕೆಲಸವನ್ನು ರಾತ್ರಿ ಮಾಡಿಸಿದರೆ ಆಳುಗಳಿಗೆ ಇಷ್ಟು ಹೆಚ್ಚುವರಿ ಕೂಲಿ. ಪಕ್ಕದ ಕಂಪನಿಯೊಂದಿಗೆ ಸೇರಿ ಒಂದೇ ಹೊಂಡದಲ್ಲಿ ಎರಡೂ ಕೆಲಸ ಮುಗಿಸಿದರೆ ಇಷ್ಟು ಉಳಿತಾಯ. ಬೇಗ ಗಟ್ಟಿಯಾಗುವ ಕಾಂಕ್ರೀಟು, ಮಣ್ಣನ್ನು ಹೀರಿ ತೆಗೆಯುವ ಯಂತ್ರ, ಸಣ್ಣ ರಂಧ್ರದ ಮೂಲಕವೇ ಕೊಳವೆ ದುರಸ್ತಿ ಮಾಡುವ ಉಪಕರಣ ಇವೆಲ್ಲ ಈಗ ಖರ್ಚಿಗೆ ಯೋಗ್ಯವೆನಿಸತೊಡಗಿದವು. ವಿಕ್ಟೋರಿಯಾ ಕಾಲದ ಸುರಂಗಗಳು ಹರಡದೇ ಹೋದುದಕ್ಕೆ ಏನು ಕಾರಣವಾಗಿತ್ತೋ ಅದನ್ನೇ ಇಲ್ಲಿ ತಿದ್ದಲಾಯಿತು. ಜನರ ಪಾಡು ಕೊನೆಗೂ ಕಂಪನಿಯ ಲೆಕ್ಕಪುಸ್ತಕಕ್ಕೆ ಸೇರಿತು.

ಲಂಡನ್ ಮತ್ತು ಕೆಂಟ್‌ನ ಅನುಭವವನ್ನು ನೋಡಿದ ಸರ್ಕಾರ ಇತರರಿಗೂ ಅವಕಾಶ ಕೊಟ್ಟಿತು. 2021ರಲ್ಲಿ ಸರ್‍ರೆ, 2022ರಲ್ಲಿ ವೆಸ್ಟ್ ಸಸೆಕ್ಸ್ ಕೌಂಟಿಗಳು ಸೇರಿಕೊಂಡವು. ಇನ್ನೊಂದೆಡೆ 2020ರಲ್ಲಿ ಇಂಗ್ಲೆಂಡಿನ ಎಲ್ಲ ಕಾಮಗಾರಿಗಳ ಪರವಾನಗಿ ಮತ್ತು ಮಾಹಿತಿಗೆ ಒಂದೇ ಗಣಕ ವ್ಯವಸ್ಥೆ ಬಂತು. ಯಾವ ರಸ್ತೆಯನ್ನು ಯಾರು ಎಂದು ಅಗೆಯಲಿದ್ದಾರೆ ಎಂಬುದು ಎಲ್ಲರಿಗೂ ಒಂದೇ ಕಡೆ ಕಾಣುವಂತಾಯಿತು.

ಉಳಿದ ಪ್ರಶ್ನೆಗಳು

ಇಷ್ಟಾದರೂ ಇದನ್ನು ದೋಷರಹಿತ ವ್ಯವಸ್ಥೆ ಎನ್ನಲಾಗದು. ಸೇವಾ ಕಂಪನಿಗಳು ಎತ್ತಿದ ಆಕ್ಷೇಪಗಳಲ್ಲಿ ತಥ್ಯವಿದೆ. ಬಾಡಿಗೆಯ ಹೊರೆ ಕೊನೆಗೆ ಬೀಳುವುದು ನೀರು, ವಿದ್ಯುತ್ ಬಿಲ್ಲಿನ ಮೇಲೆ. ಅದನ್ನು ಕಟ್ಟುವವರಲ್ಲಿ ಕಾರಿಲ್ಲದ ಬಡವರೂ ಇದ್ದಾರೆ. ಹಗಲಿನ ಕೆಲಸ ರಾತ್ರಿಗೆ ಹೋದರೆ ರಸ್ತೆಯ ಬದಿಯ ಮನೆಗಳಲ್ಲಿ ನಿದ್ದೆ ಕೆಡುತ್ತದೆ. ಕತ್ತಲಲ್ಲಿ ಹೊಂಡಕ್ಕಿಳಿಯುವ ಕಾರ್ಮಿಕನ ಸುರಕ್ಷತೆಯ ಪ್ರಶ್ನೆಯೂ ಇದೆ. ಕಾರಿನಲ್ಲಿ ಹೋಗುವವನ ಹತ್ತು ನಿಮಿಷಕ್ಕಾಗಿ ಕಾರ್ಮಿಕನೊಬ್ಬನ ರಾತ್ರಿಯನ್ನು ಕಸಿಯುವುದು ನ್ಯಾಯವೇ?

ಇನ್ನೊಂದು ಮಾತು. ಬಾಡಿಗೆ ಇರುವುದು ವಾಹನಗಳು ದಟ್ಟೈಸುವ ದೊಡ್ಡ ರಸ್ತೆಗಳಿಗೆ. ಬಡವರು ವಾಸಿಸುವ ಓಣಿಯಲ್ಲಿ ಹೊಂಡ ವಾರಗಟ್ಟಲೆ ಬಾಯ್ದೆರೆದುಕೊಂಡಿದ್ದರೆ ಅದಕ್ಕೆ ದಿನಬಾಡಿಗೆ ಇಲ್ಲ. ಕುರುಡರಿಗೆ, ಗಾಲಿಕುರ್ಚಿಯವರಿಗೆ, ಮಗುವನ್ನೆತ್ತಿಕೊಂಡ ತಾಯಿಗೆ ಅಗೆದ ಕಾಲುದಾರಿ ಎಷ್ಟು ದುಬಾರಿ ಎಂಬುದನ್ನು ವಾಹನಗಳ ವಿಳಂಬದ ಲೆಕ್ಕ ಹೇಳುವುದಿಲ್ಲ. ಹಣದಿಂದ ಅಳೆಯುವಾಗ ಹಣವಿರುವವನ ಸಮಯವೇ ಹೆಚ್ಚು ತೂಗುವ ಅಪಾಯ ಸದಾ ಇದೆ. ಆದ್ದರಿಂದಲೇ ಬಾಡಿಗೆ ಒಂದೇ ಸಾಲದು. ಬೇಲಿ, ದೀಪ, ನಡೆದಾಡಲು ಬದಲಿ ದಾರಿ ಮುಂತಾದ ಹಳೆಯ ಕರ್ತವ್ಯಗಳು ಎಲ್ಲ ಬೀದಿಗೂ ಸಮನಾಗಿ ಅನ್ವಯವಾಗಬೇಕು.

ನಮಗೆ ಬಂದದ್ದು ಅರ್ಧ ಪಾಠ

ಈ ಇತಿಹಾಸಕ್ಕೂ ನಮಗೂ ನೇರ ಸಂಬಂಧವೊಂದಿದೆ. ಬ್ರಿಟಿಷರು 1910ರಲ್ಲಿ ಮಾಡಿದ ಭಾರತೀಯ ವಿದ್ಯುತ್ ಕಾಯ್ದೆಯಲ್ಲಿ ಬೀದಿಗಳನ್ನು ಅಗೆಯುವ ಬಗ್ಗೆ ವಿವರವಾದ ನಿಯಮಗಳಿದ್ದವು. ಅಗೆಯುವ ಮುನ್ನ ನೋಟೀಸು, ಬೇಲಿ, ದೀಪ, ಬೇಗನೆ ಮೊದಲಿನಂತೆ ಮಾಡಿಕೊಡುವ ಹೊಣೆ ಎಲ್ಲವೂ ಅದರಲ್ಲಿದ್ದವು. ಓದಿದರೆ 1847ರ ಇಂಗ್ಲಿಷ್ ಕಾಯ್ದೆಗಳ ನೆರಳು ಸ್ಪಷ್ಟವಾಗಿ ಕಾಣುತ್ತದೆ. ಅದರ ಬದಲಿಗೆ ಬಂದ 2003ರ ವಿದ್ಯುತ್ ಕಾಯ್ದೆಯಲ್ಲೂ ಬೀದಿ ಅಗೆಯುವುದಕ್ಕೆ ಸಂಬಂಧಿಸಿದ ಕಲಮು ಇದೆ.

ನಮ್ಮ ನಗರಗಳಲ್ಲಿ ರಸ್ತೆ ಕತ್ತರಿಸಲು ಅನುಮತಿ ಬೇಕು, ಶುಲ್ಕವೂ ಇದೆ. ಆದರೆ ಆ ಶುಲ್ಕದ ಲೆಕ್ಕ ನಡೆಯುವುದು ಕತ್ತರಿಸಿದ ಉದ್ದಗಲಗಳ ಮೇಲೆ, ಅದನ್ನು ಮತ್ತೆ ಮುಚ್ಚುವ ಖರ್ಚಿನ ಮೇಲೆ. ಅಂದರೆ ಡಾಂಬರಿಗೆ ಬೆಲೆ ಇದೆ. ಹೊಂಡ ಒಂದು ದಿನ ತೆರೆದಿತ್ತೋ ಒಂದು ತಿಂಗಳು ತೆರೆದಿತ್ತೋ ಎಂಬುದರ ಮೇಲೆ ಬಾಡಿಗೆ ಏರುವ ಲೆಕ್ಕ ನಮ್ಮಲ್ಲಿ ಬೇರೂರಿಲ್ಲ. ಬೆಂಗಳೂರಿನಲ್ಲಿ 2010ರ ದಶಕದ ಮಧ್ಯಭಾಗದಲ್ಲಿ ಟೆಂಡರ್ ಶ್ಯೂರ್ ಹೆಸರಿನಲ್ಲಿ ನಗರದ ನಡುವಿನ ಕೆಲವು ರಸ್ತೆಗಳ ಪಾದಚಾರಿ ಮಾರ್ಗದ ಅಡಿಯಲ್ಲಿ ಕೊಳವೆ, ಕೇಬಲುಗಳಿಗೆ ಪ್ರತ್ಯೇಕ ಜಾಗ ಮಾಡಲಾಯಿತು. ಇದು ಗ್ಯಾರಿಕ್ ಬೀದಿಯ ಸುರಂಗದ ದೂರದ ಬಂಧು. ಅದು ಎದುರಿಸಿದ ಪ್ರಶ್ನೆಯನ್ನೇ ಇದೂ ಎದುರಿಸಬೇಕು: ಕೆಲವು ರಸ್ತೆಗಳಿಗೆ ಸರಿ, ಇಡೀ ನಗರಕ್ಕೆ ಹೇಗೆ?

ಲಂಡನ್ನಿನ ದರಪಟ್ಟಿಯನ್ನು ಹಾಗೆಯೇ ತಂದು ಇಲ್ಲಿ ಅಂಟಿಸಬೇಕೆಂದು ಯಾರೂ ಹೇಳಲಾರರು. ಯಾವ ಪೈಪು ಎಲ್ಲಿದೆ ಎಂಬ ನಕ್ಷೆ ಇಲ್ಲದಿದ್ದರೆ, ಕಾಮಗಾರಿಯ ಆರಂಭ ಮತ್ತು ಮುಕ್ತಾಯದ ದಿನಾಂಕಗಳು ಪ್ರಾಮಾಣಿಕವಾಗಿ ದಾಖಲಾಗದಿದ್ದರೆ ದಿನಬಾಡಿಗೆ ಎಂಬುದು ಲಂಚದ ಇನ್ನೊಂದು ಬಾಗಿಲಾದೀತು. ಸರ್ಕಾರಿ ಮಂಡಳಿಯೇ ಅಗೆದಾಗ ಅದಕ್ಕೂ ಬಾಡಿಗೆ ಹಾಕುವ ಧೈರ್ಯ ಸ್ಥಳೀಯಾಡಳಿತಕ್ಕೆ ಬೇಕು. ವಸೂಲಾದ ಹಣ ಎಲ್ಲಿ ಹೋಯಿತು ಎಂದು ಕೇಳುವ ಜನರೂ ಬೇಕು.

ಆದರೆ ಮೂಲ ಪ್ರಶ್ನೆಯನ್ನು ಕೇಳಲು ಇದ್ಯಾವುದಕ್ಕೂ ಕಾಯಬೇಕಿಲ್ಲ. ರಸ್ತೆ ಎಲ್ಲರದ್ದು. ಅದರ ಒಂದು ಭಾಗಕ್ಕೆ ಹಗ್ಗ ಕಟ್ಟಿದವನು ಅಷ್ಟು ದಿನ ನಮ್ಮೆಲ್ಲರ ಆಸ್ತಿಯನ್ನು ತನ್ನ ಕೆಲಸಕ್ಕೆ ಬಳಸುತ್ತಿದ್ದಾನೆ. ಆ ಕೆಲಸ ನಮಗೆ ಬೇಕಾದದ್ದೇ ಇರಬಹುದು. ಆದರೂ ಹಗ್ಗದ ಹೊರಗೆ ನಿಂತು ಕಾಯುತ್ತಿರುವ ದಿನಗೂಲಿಯವನ ಒಂದು ತಾಸಿಗೆ ಬೆಲೆ ಇದೆಯೇ, ಇಲ್ಲವೇ? ಇದೆ ಎಂದು ಕಾನೂನಿನಲ್ಲಿ ಬರೆಯಲು ಇಂಗ್ಲೆಂಡಿಗೆ 1847ರಿಂದ 2012ರ ವರೆಗೆ ಸಮಯ ಹಿಡಿಯಿತು. ಅವರ ಅನುಭವ ಕಣ್ಣ ಮುಂದಿರುವಾಗ ನಾವು ಅಷ್ಟು ಕಾಲ ತೆಗೆದುಕೊಳ್ಳಬೇಕಾಗಿಲ್ಲ.